ಕಾರ್ಪೊರೇಟರ್ ಇಲ್ಲದ ಊರಿನಲ್ಲಿ ತೆರಿಗೆ: ಲೆಕ್ಕ ಕೇಳಬೇಕಾದವರು ಯಾರು?

ಪ್ರಶ್ನೆ (ಕತ್ತರಿಗುಪ್ಪೆ ನಿವಾಸಿ):

ಬೆಂಗಳೂರಿನಲ್ಲಿ ಸ್ವಂತ ಮನೆಯಿರುವ ನಾನು ಶೇ 5ರ ರಿಯಾಯಿತಿ ತಪ್ಪಬಾರದೆಂದು ಪ್ರತಿ ಏಪ್ರಿಲ್‌ನಲ್ಲೂ ಆಸ್ತಿ ತೆರಿಗೆಯನ್ನು ಒಂದೇ ಕಂತಿನಲ್ಲಿ ಕಟ್ಟುತ್ತ ಬಂದಿದ್ದೇನೆ. 2025ರಿಂದ ಅದರ ಜೊತೆಗೆ ಕಸದ ಶುಲ್ಕವೂ ಸೇರಿದೆ. ನಮ್ಮ ಮನೆಯ ಅಳತೆಗೆ ಅದು ತಿಂಗಳಿಗೆ 100 ರೂಪಾಯಿ. ಮೊತ್ತದ ಬಗ್ಗೆ ನನ್ನ ತಕರಾರಿಲ್ಲ. ಬಿಬಿಎಂಪಿ ಕೌನ್ಸಿಲ್ಲಿನ ಅವಧಿ 2020ರ ಸೆಪ್ಟೆಂಬರ್‌ನಲ್ಲೇ ಮುಗಿಯಿತು. ಆ ಬಳಿಕ ಐದು ವರ್ಷ ಆಡಳಿತಾಧಿಕಾರಿಗಳೇ ಪಾಲಿಕೆ ನಡೆಸಿದರು. ಕಸದ ಶುಲ್ಕ ಬಂದಾಗ, ಅದು ಬೇಕೇ, ಬೇಕಾದರೆ ಎಷ್ಟು ಎಂದು ನಮ್ಮ ವಾರ್ಡಿನ ಪರವಾಗಿ ಕೇಳಲು ಒಬ್ಬ ಸದಸ್ಯನೂ ಇರಲಿಲ್ಲ. ನಾನು ಆರಿಸದವರು ಹಾಕಿದ ಶುಲ್ಕವನ್ನು ಕಟ್ಟಲೇಬೇಕೆಂದು ನನ್ನನ್ನು ಒತ್ತಾಯಿಸಬಹುದೇ? ತಿಳಿದವರು ಹೇಳಬೇಕು.

ಉತ್ತರ 1 (ಉಡುಪಿಯ ವಕೀಲ):

ಕಾನೂನಿನ ದೃಷ್ಟಿಯಿಂದ ತಾವು ಕಟ್ಟಲೇಬೇಕು. ಸಂವಿಧಾನದ 265ನೇ ವಿಧಿ ಹೇಳುವುದು ಕಾನೂನಿನ ಅಧಿಕಾರವಿಲ್ಲದೆ ತೆರಿಗೆ ವಿಧಿಸಬಾರದು, ವಸೂಲು ಮಾಡಬಾರದು ಎಂದಷ್ಟೇ. ಆ ಅಧಿಕಾರವನ್ನು ವಿಧಾನಸಭೆಯ ಕಾಯ್ದೆ ಕೊಟ್ಟಿರುವುದರಿಂದ, ಕೌನ್ಸಿಲ್ ಇಲ್ಲವೆಂಬ ಒಂದೇ ಕಾರಣಕ್ಕೆ ತೆರಿಗೆ ಬಿದ್ದುಹೋಗುವುದಿಲ್ಲ.

ಆದರೆ ಶುಲ್ಕದ ಮಾತು ಬೇರೆ. ನಮ್ಮೂರಿನ ಶಿರೂರು ಮಠ ಹೂಡಿದ ಮೊಕದ್ದಮೆಯಲ್ಲಿ 1954ರಲ್ಲಿ ಸುಪ್ರೀಂ ಕೋರ್ಟ್ ಈ ಗೆರೆಯನ್ನು ಎಳೆಯಿತು. ಆಗ ಉಡುಪಿ ಮದರಾಸು ರಾಜ್ಯದಲ್ಲಿತ್ತು. ಮಠಗಳ ಆದಾಯದಲ್ಲಿ ಶೇ 5ರವರೆಗೆ ವಂತಿಗೆ ಪಡೆಯಲು ಆ ಸರ್ಕಾರ ಕಾನೂನು ಮಾಡಿತ್ತು. ಪಡೆದ ಹಣ ನೇರವಾಗಿ ಸರ್ಕಾರದ ಬೊಕ್ಕಸಕ್ಕೆ ಹೋಗುತ್ತಿದ್ದುದರಿಂದಲೂ, ಕೊಟ್ಟವರಿಗೆ ಸಿಗುವ ಸೇವೆಗೂ ಆ ಮೊತ್ತಕ್ಕೂ ಸಂಬಂಧವಿರದಿದ್ದುದರಿಂದಲೂ ಅದು ಶುಲ್ಕವಲ್ಲ, ತೆರಿಗೆಯೇ, ಅಂಥ ತೆರಿಗೆ ಹಾಕುವ ಅಧಿಕಾರ ರಾಜ್ಯಕ್ಕಿಲ್ಲ ಎಂದು ನ್ಯಾಯಾಲಯ ರದ್ದುಪಡಿಸಿತು. ನಂತರದ ತೀರ್ಪುಗಳು ಈ ನಿಯಮವನ್ನು ಸಾಕಷ್ಟು ಸಡಿಲಿಸಿವೆ. ಹಾಗಿದ್ದರೂ ಶುಲ್ಕಕ್ಕೂ ಸೇವೆಗೂ ನಂಟಿರಬೇಕೆಂಬ ತತ್ತ್ವ ಉಳಿದಿದೆ. ಹೀಗಾಗಿ ಶುಲ್ಕ ಕಟ್ಟಿ, ಅದರ ಲೆಕ್ಕ ಕೇಳಿ.

ಉತ್ತರ 2 (ನಿವೃತ್ತ ಬಿಲ್ ಕಲೆಕ್ಟರ್):

ವಕೀಲರ ಮಾತು ಸರಿ, ಆದರೆ ಪ್ರಶ್ನೆ ಕೇಳಿದವರ ಸಂಕಟ ಅದಕ್ಕಿಂತ ದೊಡ್ಡದು. ನಾನು ಪುರಸಭೆಯೊಂದರಲ್ಲಿ ಮನೆಗಂದಾಯ ವಸೂಲು ಮಾಡುತ್ತಿದ್ದವನು. ಕಂದಾಯ ಏರಿಸುವ ವಿಷಯ ಸಭೆಗೆ ಬಂದ ದಿನ ಬೀಡಿ ಕಟ್ಟುವವರ ಓಣಿಯಿಂದ ಗೆದ್ದ ಸದಸ್ಯೆಯೊಬ್ಬರು ಎದ್ದು ನಿಂತು, ಶೀಟಿನ ಮನೆಗೂ ಆರ್‌ಸಿಸಿ ಮನೆಗೂ ಒಂದೇ ದರವೇ ಎಂದು ಕೇಳಿದರು. ಮುಖ್ಯಾಧಿಕಾರಿಗಳು ಕಡತ ತಿರುವಿ ಹಾಕುತ್ತಿದ್ದಂತೆ ಉಳಿದ ಸದಸ್ಯರೂ ದನಿಗೂಡಿಸಿದರು. ಶೀಟಿನ ಮನೆಗಳ ದರ ಇಳಿಯಿತು. ಆ ಸದಸ್ಯರೆಲ್ಲ ಪ್ರಾಮಾಣಿಕರೆಂದು ನಾನು ಹೇಳಲಾರೆ, ಕಾಮಗಾರಿಗಳಲ್ಲಿ ಪರ್ಸೆಂಟೇಜ್ ಕೇಳಿದವರನ್ನೂ ಕಂಡಿದ್ದೇನೆ. ಆದರೂ ಮತ್ತೆ ಓಟು ಕೇಳಲು ಅದೇ ಓಣಿಗೆ ಬರಬೇಕೆಂಬ ಭಯ ಅವರಿಗಿತ್ತು. ವರ್ಗಾವಣೆಯ ಆದೇಶ ಬಂದರೆ ಹೊರಟುಹೋಗುವ ಅಧಿಕಾರಿಗೆ ಆ ಭಯವಿಲ್ಲ.

ಉತ್ತರ 3 (ತೀರ್ಥಹಳ್ಳಿಯಿಂದ):

ಇದು ಬೆಂಗಳೂರಿನವರ ಗೋಳು ಮಾತ್ರವಲ್ಲ. ನಮ್ಮ ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳಿಗೆ ಕಡೆಯ ಚುನಾವಣೆ ನಡೆದದ್ದು 2016ರಲ್ಲಿ. 2021ರಲ್ಲಿ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಆ ಕುರ್ಚಿಗಳು ಖಾಲಿ ಉಳಿದವು. ಅವಧಿ ಮುಗಿಯುವುದರೊಳಗೆ ಚುನಾವಣೆ ಪೂರ್ಣಗೊಳ್ಳಬೇಕೆಂದು ಸಂವಿಧಾನದ 243ಇ ವಿಧಿ ಪಂಚಾಯಿತಿಗಳಿಗೂ, 243ಯು ವಿಧಿ ನಗರಸಭೆಗಳಿಗೂ ಸ್ಪಷ್ಟವಾಗಿ ಹೇಳುತ್ತವೆ.

ಬೆಂಗಳೂರಿನಲ್ಲಿ ಆದದ್ದನ್ನು ನೋಡಿ. 2020ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಇದ್ದ 198 ವಾರ್ಡ್‌ಗಳಿಗೇ ಚುನಾವಣೆ ನಡೆಸಲು ಆದೇಶಿಸಿತು, ಸುಪ್ರೀಂ ಕೋರ್ಟ್ ಅದಕ್ಕೆ ತಡೆ ನೀಡಿತು. ಮುಂದೆ ವಾರ್ಡ್‌ಗಳು 243 ಆದವು, ಸರ್ಕಾರ ಬದಲಾದ ಮೇಲೆ 225ಕ್ಕೆ ಇಳಿದವು, 2025ರ ಸೆಪ್ಟೆಂಬರ್‌ನಲ್ಲಿ ಪಾಲಿಕೆಯೇ ಐದಾಗಿ ಒಡೆಯಿತು. ಬಿಜೆಪಿ ಇರಲಿ, ಕಾಂಗ್ರೆಸ್ ಇರಲಿ, ಅಧಿಕಾರದಲ್ಲಿ ಕುಳಿತವರಿಗೆ ಕೆಳಗಿನ ಚುನಾವಣೆಯ ಅವಸರ ಕಾಣಲಿಲ್ಲ. ಅನುದಾನ ಹಂಚುವ ಕೈ ಶಾಸಕರ ಮತ್ತು ಮಂತ್ರಿಗಳದ್ದೇ ಆಗಿ ಉಳಿಯುವುದಾದರೆ ಅವರಿಗೆ ಅವಸರ ಏಕಿರುತ್ತದೆ? ಐದೂ ಪಾಲಿಕೆಗಳ ಮೇಲಿರುವ ಗ್ರೇಟರ್ ಬೆಂಗಳೂರು ಪ್ರಾಧಿಕಾರಕ್ಕೆ ಮುಖ್ಯಮಂತ್ರಿಗಳೇ ಅಧ್ಯಕ್ಷರು. ಓಣಿಯ ದೀಪದ ವಿಚಾರವನ್ನೂ ವಿಧಾನಸೌಧಕ್ಕೆ ಒಯ್ಯುವ ವ್ಯವಸ್ಥೆಯನ್ನು ನಾನು ನಂಬುವುದಿಲ್ಲ.

ಪ್ರಶ್ನೆ ಕೇಳಿದವರಿಂದ:

ಮೂವರಿಗೂ ನಮಸ್ಕಾರ. ಶುಲ್ಕ ಕಟ್ಟುವುದನ್ನು ನಿಲ್ಲಿಸುವುದಿಲ್ಲ. ಕಸದ ಶುಲ್ಕಕ್ಕೆ ಪ್ರತ್ಯೇಕ ಖಾತೆ ಇದೆಯೇ, ನಮ್ಮ ವಾರ್ಡಿನಿಂದ ವಸೂಲಾದದ್ದೆಷ್ಟು, ಅದರಲ್ಲಿ ವಾರ್ಡಿಗೆ ವೆಚ್ಚವಾದದ್ದೆಷ್ಟು ಎಂದು ಮಾಹಿತಿ ಹಕ್ಕಿನಡಿ ಅರ್ಜಿ ಬರೆದಿದ್ದೇನೆ. ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದಗಳೊಳಗೆ ಇರಬೇಕಾದ್ದರಿಂದ ಚುನಾವಣೆಯ ಪ್ರಶ್ನೆಯನ್ನು ಇನ್ನೊಂದು ಅರ್ಜಿಗೆ ಎತ್ತಿಟ್ಟಿದ್ದೇನೆ. 10 ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ ನಾಳೆ ಬೆಳಿಗ್ಗೆ ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸುತ್ತೇನೆ. ಉತ್ತರಕ್ಕೆ 30 ದಿನಗಳ ಗಡುವಿದೆ; ಬಂದದ್ದನ್ನು ಇಲ್ಲಿಯೇ ಹಾಕುತ್ತೇನೆ.