ಅಪ್‌ಡೇಟ್: ದಾಸವಾಳದ ಹಿಟ್ಟು ತಿಗಣೆ ಹೋಯ್ತು
ಮೂರು ವಾರದ ಹಿಂದೆ ಕೇಳಿದ್ನಲ್ಲ, ಕೋಲಾರದ ನಮ್ಮನೆ ತಾರಸಿ ದಾಸವಾಳದ ಮೊಗ್ಗಿಗೆಲ್ಲ ಹತ್ತಿ ಅಂಟ್ಸಿದಂಗೆ ಬಿಳಿ ಹುಳ (ಇದೇ ಹಿಟ್ಟು ತಿಗಣೆ, ಮೀಲಿಬಗ್) ಅಂತ, ಈಗ ಹೂವು ಬಿಡ್ತಿದೆ, ತುಂಬಾ ಖುಷಿ! ಬೂದಿ ಉದುರ್ಸಿದ್ದು, ಬೆಳ್ಳುಳ್ಳಿ ಕಷಾಯ ಎರಡೂ ಕೆಲ್ಸ ಮಾಡ್ಲಿಲ್ಲ, ಹುಳದ ಮೈಮೇಲಿನ ಮೇಣಕ್ಕೆ ಕಷಾಯ ಜಾರೋಗ್ತಿತ್ತು. ಕೆಲ್ಸ ಮಾಡಿದ್ದು ಒಬ್ರು ಅಕ್ಕ ಹೇಳಿದ್ದು: ಜಾಸ್ತಿ ಹತ್ತಿರೋ ತುದಿ ಕತ್ತರಿಸಿ, ಪೈಪ್ ನೀರು ಜೋರಾಗಿ ಬಿಟ್ಟು ತೊಳ್ದು, ಸಂಜೆ ಹೊತ್ತು ಲೀಟರ್ ನೀರಿಗೆ 5 ಎಂಎಲ್ ಬೇವಿನೆಣ್ಣೆ, ಚೂರು ಸೋಪ್ ನೀರು ಕಲ್ಸಿ ಎಲೆ ಅಡಿಗೂ ಹೊಡ್ದೆ, 6 ದಿನಕ್ಕೊಂದ್ಸಲ, ಒಟ್ಟು ಮೂರ್ ಸಲ. ಆಶ್ಚರ್ಯ ಅಂದ್ರೆ ಇರುವೆ, ಹುಳ ಬಿಡೋ ಸಿಹಿ ಅಂಟಿಗೋಸ್ಕರ ಅವೇ ಈ ಹುಳನ ಕಾಯ್ತವೆ! ಕುಂಡನ ನೀರಿನ ತಟ್ಟೆ ಮಧ್ಯ ಇಟ್ಟಿಗೆ ಮೇಲಿಟ್ಟೆ, ಇರುವೆ ನಿಂತ್ಮೇಲೇ ಪೂರ್ತಿ ಕಂಟ್ರೋಲ್ ಆಗಿದ್ದು. ಇನ್ನೊಂದು, ಬಿಳಿ ಎಳೆ ಎಳೆಯಾಗಿ ಚುರುಕಾಗಿ ಓಡಾಡೋ ಹುಳ ಕಂಡ್ರೆ ದಯವಿಟ್ಟು ಸಾಯಿಸ್ಬೇಡಿ, ಅದು ಹಿಟ್ಟು ತಿಗಣೆ ತಿನ್ನೋ ಗುಲಗಂಜಿ ಹುಳದ (ಲೇಡಿಬರ್ಡ್) ಮರಿ ಇರ್ಬೋದು.