ದೊಡ್ಡಪ್ಪನ ಬೀರು ತುಂಬ ಊರಿನ ಕುಣಿತದ ನೆಗೆಟಿವ್‌ಗಳು, ಏನು ಮಾಡಲಿ?

ಹಳೇಪೇಟೆ ಹುಡುಗ:
ನಮ್ಮ ದೊಡ್ಡಪ್ಪ ದಾವಣಗೆರೆಯಲ್ಲಿ ಸುಮಾರು ಇಪ್ಪತ್ತೈದು ವರ್ಷ ಪತ್ರಿಕೆಗಳಿಗೆ ಫೋಟೋ ತೆಗೆದವರು. ಸಂಬಳದ ಕೆಲಸ ಅಲ್ಲ, ಅಚ್ಚಾದ ಫೋಟೋಗೆ ಇಷ್ಟು ಅಂತ ದುಡ್ಡು. ಹೋದ ವರ್ಷ ತೀರಿಕೊಂಡರು. ಈಗ ಮನೆಗೆ ಸುಣ್ಣಬಣ್ಣ ಮಾಡಿಸಬೇಕು, ಬೀರು ಖಾಲಿ ಮಾಡು ಅಂತ ದೊಡ್ಡಮ್ಮ ಹೇಳ್ತಿದ್ದಾರೆ. ತೆಗೆದು ನೋಡಿದರೆ ಸೀರೆ ಡಬ್ಬಗಳ ತುಂಬ ನೆಗೆಟಿವ್. ದುಗ್ಗಮ್ಮನ ಜಾತ್ರೆ, ವೀರಗಾಸೆ, ಡೊಳ್ಳು, ಲಂಬಾಣಿ ಹೆಂಗಸರ ಕುಣಿತ, ಭರತನಾಟ್ಯದ ರಂಗಪ್ರವೇಶ, ನಾಟಕ ಕಂಪನಿ ಟೆಂಟು, ಏನುಂಟು ಏನಿಲ್ಲ. ಆಗ ಪ್ರಿಂಟ್ ಹಾಕಿ, ಕವರಿನಲ್ಲಿಟ್ಟು, ರಾತ್ರಿ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು ಕಳಿಸುತ್ತಿದ್ದರು, ಹಾಗಾಗಿ ಪ್ರಿಂಟ್ ಒಂದೂ ಮನೆಯಲ್ಲಿ ಉಳಿದಿಲ್ಲ. ನೆಗೆಟಿವ್ ಕವರ್ ಮೇಲೆ 'ನೃತ್ಯ, ದಾ.ಗೆರೆ' ಅಂತ ಬರೆದಿದೆ, ಅಷ್ಟೇ. ಒಂದು ಡಬ್ಬ ತೆಗೆದರೆ ಹುಳಿ ವಾಸನೆ ಮೂಗಿಗೆ ಹೊಡೆಯುತ್ತೆ. ಅದು ಹಾಳಾಗಿದೆಯಾ? ಸ್ಕ್ಯಾನ್ ಹೇಗೆ? ಆಮೇಲೆ ಆನ್‌ಲೈನ್ ಹಾಕಿದರೆ ಪತ್ರಿಕೆಯವರು ತಕರಾರು ಮಾಡ್ತಾರಾ?

ಕತ್ತಲೆಕೋಣೆ:
ಮೊದಲು ಆ ಹುಳಿ ವಾಸನೆ ಡಬ್ಬವನ್ನು ಬೇರೆ ಕೋಣೆಗೆ ಒಯ್ಯಿರಿ, ಇವತ್ತೇ. ಹಳೇ ಫಿಲ್ಮಿನ ಅಸಿಟೇಟ್ ಅನ್ನೋ ಪ್ಲಾಸ್ಟಿಕ್ ಸೆಕೆ ಮತ್ತು ತೇವಕ್ಕೆ ಒಡೆದು ಆಮ್ಲ ಬಿಡುತ್ತೆ, ವಿನೆಗರ್‌ನಲ್ಲಿ ಇರೋದೇ ಆ ಆಮ್ಲ. ಒಮ್ಮೆ ಶುರುವಾದರೆ ನಿಲ್ಲಲ್ಲ, ಪಕ್ಕದ ಫಿಲ್ಮಿಗೂ ಅಂಟುತ್ತೆ. ಫಿಲ್ಮ್ ಇನ್ನೂ ಚಪ್ಪಟೆಯಾಗಿದ್ದರೆ ಪುಣ್ಯ, ಆ ಡಬ್ಬವನ್ನೇ ಮೊದಲು ಸ್ಕ್ಯಾನ್ ಮಾಡಿ. ಸುರುಳಿ ಸುತ್ತಿಕೊಂಡಿದ್ದರೆ ಬಲವಂತವಾಗಿ ಬಿಡಿಸಬೇಡಿ. ರಬ್ಬರ್ ಬ್ಯಾಂಡ್ ತೆಗೆದು ಬಿಸಾಕಿ. ನುಸಿಗುಳಿಗೆ ಇಡಬೇಡಿ. ಪಿವಿಸಿ ಕವರ್ ಬೇಡ, ಪಾಲಿಪ್ರೊಪಿಲೀನ್ ಕವರ್ ಸಿಗುತ್ತೆ, ಅದನ್ನು ತನ್ನಿ. ಅಟ್ಟದ ಮೇಲಂತೂ ಇಡಲೇಬೇಡಿ, ನಮ್ಮ ಕಡೆ ಬೇಸಿಗೆ ಗೊತ್ತಲ್ಲ.

ಸ್ಕ್ಯಾನಿಗೆ ದುಬಾರಿ ಯಂತ್ರ ಬೇಕಿಲ್ಲ. ಕ್ಯಾಮೆರಾ, ಮ್ಯಾಕ್ರೋ ಲೆನ್ಸ್, ಕೆಳಗೊಂದು ಎಲ್‌ಇಡಿ ಲೈಟ್ ಪ್ಯಾಡ್, ಅಲ್ಲಾಡದ ಸ್ಟ್ಯಾಂಡ್ ಇದ್ದರೆ ಸಾಕು. ನಾನು ಒಮ್ಮೆ ಸೋಮಾರಿತನಕ್ಕೆ ಒಂದು ಲ್ಯಾಬಿಗೆ ಕೊಟ್ಟಿದ್ದೆ. ಪುಣ್ಯಾತ್ಮರು ಸ್ಟ್ರಿಪ್‌ಗಳನ್ನೆಲ್ಲ ಒಂದೊಂದೇ ಫ್ರೇಮಾಗಿ ಕತ್ತರಿಸಿ ವಾಪಸ್ ಕೊಟ್ಟರು. ಅಂಚಿನಲ್ಲಿ ಫ್ರೇಮ್ ನಂಬರ್ ಇರುತ್ತಲ್ಲ, ಯಾವುದರ ಹಿಂದೆ ಯಾವುದು ಅಂತ ಹೇಳೋದು ಅದೇ. ಅಂಚು ಸೇರಿಸಿಯೇ ಫೋಟೋ ತೆಗೆಯಿರಿ.

ಕರಿಕೋಟು:
ಹಕ್ಕಿನ ವಿಷಯ. 1957ರ ಕಾಪಿರೈಟ್ ಕಾಯ್ದೆಯ 17ನೇ ಕಲಂ ಓದಿ. ಪತ್ರಿಕೆಯಲ್ಲಿ ನೌಕರಿಗಿದ್ದವರು ತೆಗೆದ ಫೋಟೋ ಆದರೆ ಅದನ್ನು ಪತ್ರಿಕೆಯಲ್ಲಿ ಹಾಕುವ ಹಕ್ಕು ಮಾಲೀಕರದು, ಉಳಿದದ್ದು ತೆಗೆದವರದೇ. ನಿಮ್ಮ ದೊಡ್ಡಪ್ಪ ನೌಕರರೇ ಅಲ್ಲ, ಹಕ್ಕು ಬರೆದುಕೊಟ್ಟ ಕಾಗದ ಏನೂ ಇಲ್ಲದಿದ್ದರೆ ಅವರದೇ ಹಕ್ಕು, ಈಗ ವಾರಸುದಾರರದು. ದೊಡ್ಡಮ್ಮನ ಒಪ್ಪಿಗೆ ಬರಹದಲ್ಲಿ ತಗೊಳ್ಳಿ. 2012ರ ತಿದ್ದುಪಡಿ ನಂತರ ಫೋಟೋಗೂ ತೆಗೆದವರ ಜೀವಮಾನ, ಅದರ ಮೇಲೆ 60 ವರ್ಷ ರಕ್ಷಣೆ ಇದೆ.

ಆದರೆ ರಂಗಪ್ರವೇಶದ ಫೋಟೋಗಳು ಸ್ವಲ್ಪ ಜಾಗ್ರತೆ. ಆ ಮನೆಯವರೇ ದುಡ್ಡು ಕೊಟ್ಟು ತೆಗೆಸಿದ್ದರೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಹಕ್ಕು ದುಡ್ಡು ಕೊಟ್ಟವರದು. ಅದೂ ಅಲ್ಲದೆ ಅವತ್ತು ಹತ್ತು ವರ್ಷದ ಹುಡುಗಿ ಇವತ್ತು ಯಾರದೋ ಅಜ್ಜಿ ಆಗಿರಬಹುದು, ಕಾನೂನು ಬಿಡಿ, ಒಂದು ಮಾತು ಕೇಳೋದು ಮರ್ಯಾದೆ ಅಲ್ವಾ?

ದುರ್ಗದ ಕಲ್ಲು:
ಸ್ಕ್ಯಾನ್, ಹಕ್ಕು ಎಲ್ಲ ಸರಿ. ನನ್ನ ಕೇಳಿದರೆ ಮೊದಲ ಕೆಲಸ ಹೆಸರು. ಬೆಳಕಿಗೆ ಹಿಡಿದು ಮೊಬೈಲಿನಲ್ಲಿ ತೆಗೆದು ಬಣ್ಣ ತಿರುಗಿಸಿ, ಕೆಟ್ಟದಾಗಿದ್ದರೂ ನಡೆಯುತ್ತೆ, ಹಿರಿಯರ ಮುಂದೆ ಹಿಡಿಯಿರಿ. ವೇದಿಕೆ ಮೇಲೆ ಹಾರ ಹಾಕಿಸಿಕೊಂಡ ರಾಜಕಾರಣಿ ಹೆಸರು ಪೇಪರಿನಲ್ಲಿ ಸಿಗುತ್ತೆ. ಡೊಳ್ಳು ಬಾರಿಸಿದವನ ಹೆಸರು ಸಿಗಲ್ಲ. ಅವನನ್ನು ಕಂಡವರು ಇರುವಾಗಲೇ ಕೇಳಬೇಕು.

ಇಸವಿ ಹಿಡಿಯೋಕೆ ಬ್ಯಾನರ್ ನೋಡಿ. 'ದಾವಣಗೆರೆ, ಚಿತ್ರದುರ್ಗ ಜಿಲ್ಲೆ' ಅಂತಿದ್ದರೆ 1997ಕ್ಕೆ ಹಿಂದಿನದು, ನಿಮ್ಮೂರು ನಮ್ಮಿಂದ ಬೇರೆಯಾಗಿ ಹೋಗಿದ್ದು ಆ ವರ್ಷ (ಇನ್ನೂ ಬೇಜಾರಿದೆ). ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ, ಒಂದರ ಇಸವಿ ಸಿಕ್ಕರೆ ಉಳಿದದ್ದು ಎಣಿಸಬಹುದು. ನಾಟಕ ಟೆಂಟಿನ ರೋಲ್‌ಗಳನ್ನು ಬೇರೆಯೇ ಇಡಿ. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿ ನಿಮ್ಮೂರಿನದೇ. ಅದರ ಫೋಟೋ ಇದ್ದರೆ, ಅದರಲ್ಲೂ ಪರದೆ ಹಿಂದಿನದು ಇದ್ದರೆ, ದಯವಿಟ್ಟು ತೋರಿಸಿ. ಊರಲ್ಲೇ ದೃಶ್ಯಕಲಾ ಕಾಲೇಜಿದೆ, ಅಲ್ಲೂ ಒಮ್ಮೆ ಕೇಳಿ, ಕೈಜೋಡಿಸುವ ಹುಡುಗರು ಸಿಗಬಹುದು. ಡಬ್ಬ ಮಾತ್ರ ಯಾರಿಗೂ ಹಾಗೇ ಎತ್ತಿಕೊಡಬೇಡಿ.

ಹಳೇಪೇಟೆ ಹುಡುಗ:
ಎಲ್ಲರಿಗೂ ನಮಸ್ಕಾರ. ಹುಳಿ ಡಬ್ಬ ಬೇರೆ ಇಟ್ಟೆ, ಎರಡು ರೋಲ್ ಮಾತ್ರ ಸುರುಳಿಯಾಗಿವೆ.

ದುರ್ಗದಣ್ಣ ಹೇಳಿದ ಹಾಗೆ ನಿನ್ನೆ ರಾತ್ರಿ ಮೊಬೈಲಿನಲ್ಲಿ ತೆಗೆದು ದೊಡ್ಡಮ್ಮನಿಗೆ ತೋರಿಸಿದೆ. ಒಂದು ವೀರಗಾಸೆ ಫೋಟೋ, ಪುರವಂತರು ಕತ್ತಿ ಎತ್ತಿದ್ದಾರೆ, ಒಂದು ಕಾಲು ನೆಲದಲ್ಲಿಲ್ಲ. ನಾನು 'ದುಗ್ಗಮ್ಮನ ಜಾತ್ರೆ' ಅಂತ ಹೆಸರು ಹಾಕಿದ್ದೆ. ದೊಡ್ಡಮ್ಮ ಕನ್ನಡಕ ಮೇಲೆತ್ತಿ ನೋಡಿ, "ಜಾತ್ರೆ ಎಲ್ಲಿಂದ ಬಂತೋ, ಗುಗ್ಗಳದ ಕೊಡ ಕಾಣಲ್ವಾ ನಿನಗೆ? ಮದುವೆ ಮನೇದು ಇದು" ಅಂದರು. ನಮ್ಮ ಕಡೆ ಮದುವೆಗೆ ವೀರಭದ್ರನ ಹೆಸರಲ್ಲಿ ಕೆಂಡದ ಕೊಡ ಹೊರ್ತಾರೆ, ಅದೇ ಗುಗ್ಗಳ. ಆಮೇಲೆ ಆ ಮನೆ ಯಾವುದು, ಊಟಕ್ಕೆ ಏನಿತ್ತು, ದೊಡ್ಡಪ್ಪ ಫೋಟೋ ತೆಗೀತಾ ಊಟದ ಪಂಕ್ತಿ ತಪ್ಪಿಸಿಕೊಂಡಿದ್ದು, ಎಲ್ಲ ಬಂತು. ಹನ್ನೊಂದು ಗಂಟೆವರೆಗೆ ಬರೆದುಕೊಂಡೆ, ಮುಗಿದಿದ್ದು ಒಂದೂವರೆ ರೋಲ್.

ಸುಣ್ಣಬಣ್ಣ ಯುಗಾದಿ ಕಳೆದ ಮೇಲಂತೆ.