ಪದಚರ್ಚೆ: ‘ಅಲ್ಟ್ರಾಸೌಂಡ್ ಪ್ರೆಡಿಕ್ಟಿವ್ ಮೆಂಟೆನೆನ್ಸ್’ಗೆ ಫಲಕದ ಮೇಲೆ ಏನೆಂದು ಬರೆಯಬೇಕು?

ಮಾನ್ಯರೇ,

ಸೇಡಂ ಭಾಗದ ಒಂದು ಸಿಮೆಂಟ್ ಕಾರ್ಖಾನೆಯ ತರಬೇತಿ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿರುವುದಾಗಿಯೂ, ಅಲ್ಲಿನ ಒಂದು ಕೋಣೆಯ ಫಲಕಕ್ಕೆ ಮೇಲಿನ ಮಾತಿನ ಕನ್ನಡ ರೂಪ ಸೋಮವಾರದೊಳಗೆ ಬೇಕಾಗಿರುವುದಾಗಿಯೂ ಮೊನ್ನೆ ಬರೆದಿದ್ದೆ. ಯಂತ್ರ ಕೆಡುವ ಮೊದಲೇ ಅದರ ಸದ್ದಿನಿಂದ ಸುಳಿವು ಹಿಡಿದು ಸರಿಪಡಿಸುವ ಕೆಲಸವದು. ಉತ್ತರಿಸಿದ ಮೂವರಿಗೂ ಕೃತಜ್ಞತೆಗಳು. ಚರ್ಚೆಯಲ್ಲಿ ಅಲ್ಟ್ರಾಸೌಂಡಿಗೆ ‘ಶಬ್ದಾತೀತ’, ‘ಅಲ್ಟ್ರಾಸೌಂಡ್ ಪರೀಕ್ಷೆ’ ಎಂಬ ರೂಪಗಳೂ, ಪ್ರೆಡಿಕ್ಟಿವ್ ಮೆಂಟೆನೆನ್ಸಿಗೆ ‘ಮುನ್ಸೂಚಕ ನಿರ್ವಹಣೆ’, ‘ದುರಸ್ತಿ’ ಎಂಬ ಮಾತುಗಳೂ ಬಂದಿವೆ. ಆದರೆ ಆ ಮೂರು ಉತ್ತರಗಳಲ್ಲಿ ಯಾವುದನ್ನೂ ಹಾಗೆಯೇ ಪೇಂಟರನ ಕೈಗೆ ಕೊಡಲು ನನಗೆ ಮನಸ್ಸು ಒಪ್ಪುತ್ತಿಲ್ಲ.

‘ಶಬ್ದಾತೀತ’ವನ್ನು ಕೈಬಿಡೋಣ. ಅದು ಶಬ್ದದ ವೇಗವನ್ನು ಮೀರಿ ಹಾರುವ ವಿಮಾನಕ್ಕೆ ಸಂದ ಮಾತು. ಇಲ್ಲಿ ಮೀರಿರುವುದು ವೇಗವನ್ನಲ್ಲ, ನಮ್ಮ ಕಿವಿಯ ಮಿತಿಯನ್ನು. 20,000 ಹರ್ಟ್ಸ್‌ಗಿಂತ ಮೇಲಿನ ಕಂಪನ ಮನುಷ್ಯನಿಗೆ ಕೇಳಿಸದು. ಆ ಅರ್ಥಕ್ಕೆ ‘ಶ್ರವಣಾತೀತ’ ಸರಿಯಾದ ಪದ, ಕೈಪಿಡಿಯ ವಿವರಣೆಯಲ್ಲಿ ಅದನ್ನೇ ಇಟ್ಟಿದ್ದೇನೆ. ಫಲಕಕ್ಕೆ ಮಾತ್ರ ಕೆಲಸಗಾರರ ಬಾಯಲ್ಲಿರುವ ‘ಅಲ್ಟ್ರಾಸೌಂಡ್’ ಸಾಕು.

ನನ್ನ ತೊಡಕು ‘ಅಲ್ಟ್ರಾಸೌಂಡ್ ಪರೀಕ್ಷೆ’ ಎಂಬುದರಲ್ಲಿದೆ. ಆಸ್ಪತ್ರೆಯ ಸ್ಕ್ಯಾನಿಂಗಿನಲ್ಲಾಗಲಿ, ಕಾರ್ಖಾನೆಯಲ್ಲೇ ಕೊಳವೆಯ ದಪ್ಪ ಅಳೆಯುವಾಗಲಾಗಲಿ, ಉಪಕರಣವು ತಾನೇ ಅಲೆಯನ್ನು ಕಳಿಸಿ ಅದರ ಮಾರ್ದನಿಯನ್ನು ಹಿಡಿಯುತ್ತದೆ. ಈ ಕೋಣೆಯ ಉಪಕರಣ ಏನನ್ನೂ ಕಳಿಸುವುದಿಲ್ಲ. ಕಳೆದ ವಾರ ಒಂದು ದೊಡ್ಡ ಫ್ಯಾನಿನ ಬಳಿ ತಂತ್ರಜ್ಞರೊಬ್ಬರು ಆ ಉಪಕರಣದ ಕಡ್ಡಿಯ ತುದಿಯನ್ನು, ಫ್ಯಾನಿನ ತಿರುಗುವ ದಂಡವನ್ನು ಹೊತ್ತ ಬೇರಿಂಗಿನ ಹೊರಕವಚಕ್ಕೆ ಒತ್ತಿ ಹಿಡಿದು ಹೆಡ್‌ಫೋನನ್ನು ನನ್ನ ಕಿವಿಗೆ ಹಾಕಿದರು. ಸುತ್ತಲಿನ ಅಬ್ಬರ ಹಿಂದೆ ಸರಿದು, ಮೊರದಲ್ಲಿ ತೊಗರಿ ಕೇರಿದಂಥ ಒರಟು ಸದ್ದೊಂದೇ ಉಳಿಯಿತು. “ಅವಾಜ ಬ್ಯಾರೆ ಅದರಿ, ಗ್ರೀಸ್ ಕೇಳ್ಲಾಕತ್ತದ” ಎಂದು ಅವರು ಗ್ರೀಸ್ ಗನ್ನನ್ನು ಎರಡು ಸಲ ಒತ್ತಿದರು. ಸದ್ದು ಇಳಿದು ಸಮನಾಯಿತು, ಅವರೂ ಅಲ್ಲಿಗೇ ನಿಲ್ಲಿಸಿದರು. ಅಳತೆ ಮೀರಿ ತುಂಬಿದರೆ ಬೇರಿಂಗ್ ಬಿಸಿಯೇರುತ್ತದೆ, ಸೀಲ್ ಕಿತ್ತುಬರುತ್ತದೆ. ಬೇರಿಂಗಿನಿಂದಲೇ ಹೊರಡುವ ಸುಮಾರು 40 ಕಿಲೋಹರ್ಟ್ಸ್‌ನ ಸದ್ದನ್ನು ನಮ್ಮ ಕಿವಿಗೆ ನಿಲುಕುವ ಮಟ್ಟಕ್ಕೆ ಇಳಿಸಿಕೊಡುವುದಷ್ಟೇ ಆ ಉಪಕರಣದ ಕೆಲಸ. ಒತ್ತಡದ ಗಾಳಿಯ ಕೊಳವೆಯಲ್ಲಿ ಸೋರಿಕೆ ಹುಡುಕುವುದೂ ಹೀಗೆಯೇ. ಇದು ಆಲಿಸುವ ಕೆಲಸವಾದ್ದರಿಂದ ‘ಆಲಿಕೆ’ ಎನ್ನಬೇಕೆಂದು ನನ್ನ ಗಟ್ಟಿ ಅಭಿಪ್ರಾಯ.

‘ಮುನ್ಸೂಚಕ ನಿರ್ವಹಣೆ’ ಅರಿಸಮಾಸ (ಕನ್ನಡದ ‘ಮುನ್’ ಜೊತೆ ಸಂಸ್ಕೃತದ ‘ಸೂಚಕ’ ಬೆರೆತ ಸಮಾಸ), ಆದ್ದರಿಂದ ತ್ಯಾಜ್ಯ ಎಂದು ಒಬ್ಬರು ಒಂದೇ ಸಾಲಿನಲ್ಲಿ ತಳ್ಳಿಹಾಕಿದ್ದಾರೆ. ಆ ನಿಯಮದ ಮೇಲೆ ನನಗೆ ಗೌರವವಿದೆ. ಸಮಾಸದಲ್ಲಿ ಸಂಸ್ಕೃತವನ್ನೂ ಕನ್ನಡವನ್ನೂ ಬೆರೆಸುವುದು ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಬಿಟ್ಟಂತೆ ಎಂದು ಎಚ್ಚರಿಸಿದ ‘ಕವಿರಾಜಮಾರ್ಗ’ 9ನೆಯ ಶತಮಾನದಲ್ಲಿ ಹುಟ್ಟಿದ್ದು ಮಾನ್ಯಖೇಟದ ಆಸ್ಥಾನದಲ್ಲಿ, ಎಂದರೆ ಇದೇ ಸೇಡಂ ತಾಲ್ಲೂಕಿನ ಇಂದಿನ ಮಳಖೇಡದಲ್ಲಿ. ಆದರೆ ಅದು ಕಾವ್ಯ ಬರೆಯುವವರಿಗೆ ಹೇಳಿದ ಮಾತು. ಮಳೆಯ ಮುನ್ಸೂಚನೆ ಕೇಳಿ ತೊಗರಿ ಬಿತ್ತುವ ನಮ್ಮ ರೈತರಿಗೆ ‘ಮುನ್ಸೂಚನೆ’ ಎಂದೂ ಬೆರಕೆಯೆನಿಸಿಲ್ಲ. ಅದನ್ನು ಬಿಟ್ಟು ‘ಮುನ್ನರಿವು’ ಎಂದರೆ ಪದ ಚೆನ್ನಾಗಿದೆ, ಫಲಕ ಓದಿದವರಿಗೆ ಅರ್ಥವಾಗುವುದಿಲ್ಲ.

ನಾನು ಒಪ್ಪದಿರುವುದು ‘ನಿರ್ವಹಣೆ’ಯನ್ನು. ಮ್ಯಾನೇಜ್‌ಮೆಂಟಿಗೂ ಮೆಂಟೆನೆನ್ಸಿಗೂ ನಾವು ಅದನ್ನೇ ಬಳಸುತ್ತಿರುವುದರಿಂದ, ಫಿಟರನೊಬ್ಬ ಆ ಬಾಗಿಲನ್ನು ಅಧಿಕಾರಿಗಳ ಕೋಣೆಯದೆಂದು ತಿಳಿದು ಮುಂದೆ ಹೋದರೆ ತಪ್ಪು ಅವನದಲ್ಲ. ‘ದುರಸ್ತಿ’ ಎಂದರೆ ಎಲ್ಲರಿಗೂ ತಿಳಿಯುತ್ತದೆ. ಅದು ಫಾರಸಿ ಎಂದು ಆಕ್ಷೇಪಿಸಿದ ಹಿರಿಯರು ಅದೇ ವಾಕ್ಯದಲ್ಲಿ ‘ಕಾರ್ಖಾನೆ’ ಎಂದು ಬರೆದಿದ್ದಾರೆ, ಅದೂ ಫಾರಸಿಯೇ. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ಈ ನೆಲದಲ್ಲಿ ಜಿಲ್ಲೆ, ವಕೀಲ, ತಹಶೀಲು ಎಂಬ ಮಾತುಗಳನ್ನು ಮೂಲ ಕೇಳಿ ಹೊರಗೆ ಹಾಕತೊಡಗಿದರೆ ನಮ್ಮ ಮನೆಯವರ ಮಾತನ್ನೇ ಹೊರಗೆ ಹಾಕಿದಂತಾಗುತ್ತದೆ, ಮತ್ತು ಇದನ್ನು ನಾನು ನೋವಿನಿಂದಲೇ ಬರೆಯುತ್ತಿದ್ದೇನೆ.

ಕೆಟ್ಟ ಮೇಲೆ ಮಾಡುವುದಷ್ಟೇ ದುರಸ್ತಿಯಲ್ಲವೇ ಎಂಬ ಪ್ರಶ್ನೆ ಮಾತ್ರ ನ್ಯಾಯವಾದದ್ದು. ಅದಕ್ಕಾಗಿಯೇ ‘ಮುನ್ಸೂಚನೆ’ಯನ್ನು ಉಳಿಸಿಕೊಳ್ಳುತ್ತೇನೆ. ಮೂರು ತಿಂಗಳಿಗೊಮ್ಮೆ ಎಂದು ದಿನ ಗೊತ್ತುಮಾಡಿ ಮಾಡುವುದು ‘ವಾಯಿದೆ ದುರಸ್ತಿ’ಯಾಗಲಿ, ಯಂತ್ರವೇ ಕೊಟ್ಟ ಸುಳಿವು ಹಿಡಿದು ಮಾಡುವುದು ‘ಮುನ್ಸೂಚನಾ ದುರಸ್ತಿ’. ಫಲಕದಲ್ಲಿ ‘ಅಲ್ಟ್ರಾಸೌಂಡ್ ಆಲಿಕೆ ಮತ್ತು ಮುನ್ಸೂಚನಾ ದುರಸ್ತಿ ವಿಭಾಗ’ ಎಂದು ಬರೆಸುತ್ತಿದ್ದೇನೆ.

ಉಳಿದಿರುವುದು ಕೈಪಿಡಿಯ ‘ಬೇಸ್‌ಲೈನ್’. ಬೇರಿಂಗ್ ಚೆನ್ನಾಗಿರುವಾಗ ಬರೆದಿಟ್ಟುಕೊಳ್ಳುವ ಅಂಕಿಯದು. ‘ಆಧಾರರೇಖೆ’ ಎನ್ನೋಣವೆಂದರೆ ಅಲ್ಲಿ ರೇಖೆಯೇ ಇಲ್ಲ. ‘ಮೂಲಮಟ್ಟ’ ಎಂದು ಬರೆದುಕೊಂಡಿದ್ದೇನೆ. ಇದಕ್ಕಿಂತ ಒಳ್ಳೆಯ ಪದ ಹೊಳೆದವರು ಭಾನುವಾರ ಸಂಜೆಯೊಳಗೆ ತಿಳಿಸಬೇಕು, ಪದದ ವ್ಯುತ್ಪತ್ತಿಯೊಂದನ್ನೇ ಕಳಿಸದೆ, ದಯವಿಟ್ಟು ಈ ವಾಕ್ಯದಲ್ಲಿ ಕೂರಿಸಿ ಕಳಿಸಿ: “ಸದ್ದು ಮೂಲಮಟ್ಟಕ್ಕಿಂತ 8 ಡೆಸಿಬೆಲ್ ಏರಿದ್ದರೆ ಬೇರಿಂಗಿಗೆ ಗ್ರೀಸ್ ಕೊಡಿ.”